ವಿಟಮಿನ್ ಮಾತ್ರೆ ಸುರಕ್ಷಿತ ಅನ್ನೋ ಸಂಶೋಧನೆಗೆ ದುಡ್ಡು ಕೊಟ್ಟವರು ಯಾರು?

ಪ್ರಶ್ನೆ: ಡಾಕ್ಟರೇ, ನನಗೆ 62 ವರ್ಷ. ರಿಟೈರ್ ಆದ ಹೈಸ್ಕೂಲ್ ಮೇಷ್ಟ್ರು. ಎಂಟು ವರ್ಷದ ಹಿಂದೆ ಸಿಗರೇಟು ಬಿಟ್ಟೆ. ಈಗ ವಾರಕ್ಕೊಂದು 60,000 ಯೂನಿಟ್ ವಿಟಮಿನ್ ಡಿ ತಗೊಳ್ತೇನೆ. ರಾತ್ರಿ ಮೀನಖಂಡ ಹಿಡಿಯುತ್ತೆ ಅಂದಿದ್ದಕ್ಕೆ ಮೆಡಿಕಲ್ ಶಾಪಿನವರು 400ರ ಹಸಿರು ವಿಟಮಿನ್ ಇ ಕ್ಯಾಪ್ಸೂಲ್ ಕೊಟ್ಟರು, ಅದೂ ನಡೀತಿದೆ. ಜೊತೆಗೆ ಒಂದು ಆಂಟಿಆಕ್ಸಿಡೆಂಟ್ ಮಾತ್ರೆ. ಮಗಳು ಹೇಳ್ತಾಳೆ, ಇವೆಲ್ಲ ಸುರಕ್ಷಿತ ಅನ್ನೋ ಸಂಶೋಧನೆಗೆ ವಿಟಮಿನ್ ಕಂಪನಿಗಳೇ ದುಡ್ಡು ಕೊಟ್ಟಿರೋದು ಅಂತ. ಭಾವಮೈದ ಉಲ್ಟಾ ಹೇಳ್ತಾನೆ. ವಿಟಮಿನ್ ಅಪಾಯ ಅನ್ನೋದೇ ಔಷಧಿ ಕಂಪನಿಗಳ ಪಿತೂರಿಯಂತೆ. ಯಾರ ಮಾತು ನಿಜ? ದುಡ್ಡು ಯಾರದ್ದು ಅಂತ ನಮ್ಮಂಥವರು ಪತ್ತೆ ಮಾಡೋದು ಹೇಗೆ?

ಉತ್ತರ:

ಮೇಷ್ಟ್ರೇ, ಮೊದಲು ನನ್ನ ದುಡ್ಡಿನ ಲೆಕ್ಕ ಕೊಟ್ಟುಬಿಡುತ್ತೇನೆ. ನಾನು ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಫಾರ್ಮಕಾಲಜಿ ಪಾಠ ಮಾಡಿದವನು. ಸಂಬಳ ಸರ್ಕಾರದ್ದು. ಆದರೆ ಒಂದು ಸಮ್ಮೇಳನದಲ್ಲಿ ವಿಟಮಿನ್ ಕಂಪನಿಯೊಂದು ಕೊಟ್ಟ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು, ಅವರದೇ ಊಟ ಉಂಡು, ಅವರದೇ ವಿಟಮಿನ್ ಬಗ್ಗೆ ಒಂದು ಗಂಟೆ ಭಾಷಣ ಕೇಳಿ ಬಂದವನೂ ಹೌದು. ಬ್ಯಾಗ್ ಇನ್ನೂ ಗಟ್ಟಿಯಾಗಿದೆ. ತರಕಾರಿ ತರೋಕೆ ಬಳಸುತ್ತೇನೆ.

ಭಾವಮೈದನವರ ಮಾತನ್ನು ಮೊದಲು ಮುಗಿಸೋಣ, ಅದು ಸುಲಭ. ಔಷಧಿ ಕಂಪನಿ ಒಂದು ಕಡೆ, ವಿಟಮಿನ್ ಕಂಪನಿ ಇನ್ನೊಂದು ಕಡೆ ನಿಂತು ಕುಸ್ತಿ ಆಡುತ್ತಿವೆ ಅಂತ ಅವರು ಅಂದುಕೊಂಡಿದ್ದಾರೆ. ಹಾಗೇನಿಲ್ಲ, ಬಹಳಷ್ಟು ಕಡೆ ಇಬ್ಬರೂ ಒಂದೇ ಮನೆಯವರು. ನಮ್ಮ ಮೆಡಿಕಲ್ ಶಾಪುಗಳಲ್ಲಿ ದಶಕಗಳಿಂದ ಓಡುತ್ತಿರುವ ಬಿಕೋಸೂಲ್ಸ್ ಫೈಜರ್‌ನದು. ಅಮೆರಿಕದ ಹೆಸರಾಂತ ಮಲ್ಟಿವಿಟಮಿನ್ ಸೆಂಟ್ರಮ್ ಕೂಡ 2009ರಿಂದ ಸುಮಾರು ಹತ್ತು ವರ್ಷ ಫೈಜರ್ ಕೈಯಲ್ಲೇ ಇತ್ತು. ಇನ್ನು ಸ್ವಿಟ್ಜರ್ಲೆಂಡಿನ ಹಾಫ್‌ಮನ್-ಲಾ ರೋಶ್. ದೊಡ್ಡ ಔಷಧಿ ಕಂಪನಿ, ಆದರೆ ಬಹಳ ಕಾಲ ಜಗತ್ತಿಗೆಲ್ಲ ವಿಟಮಿನ್ ಪುಡಿ ಮಾಡಿ ಮಾರಿದ್ದೂ ಅದೇ. ರೋಶ್, ಜರ್ಮನಿಯ ಬಿಎಎಸ್ಎಫ್ ಮತ್ತು ಇನ್ನು ಕೆಲವರು ವಿಟಮಿನ್ ಬೆಲೆಯನ್ನು ಒಳಗೊಳಗೇ ಮಾತಾಡಿಕೊಂಡು ಏರಿಸಿದ್ದು 1999ರಲ್ಲಿ ಸಿಕ್ಕಿಬಿತ್ತು. ಅಮೆರಿಕದಲ್ಲಿ ರೋಶ್ 50 ಕೋಟಿ ಡಾಲರ್, ಬಿಎಎಸ್ಎಫ್ 22.5 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿಕೊಂಡವು. ದಂಡವೇ ಇಷ್ಟಾದರೆ ವ್ಯಾಪಾರ ಎಷ್ಟಿರಬೇಕು! ಇಂಥವರು ಜನ ವಿಟಮಿನ್ ಬಿಡಲಿ ಅಂತ ಪಿತೂರಿ ಮಾಡುತ್ತಾರೆಯೇ?

ಹಾಗಾದರೆ ವಿಟಮಿನ್ನಿಂದ ಅಪಾಯ ಇದೆ ಅಂತ ತೋರಿಸಿದ ಅಧ್ಯಯನಗಳಿಗೆ ದುಡ್ಡು ಕೊಟ್ಟಿದ್ದು ಯಾರು? ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಿಮ್ಮ ಮೂರು ಮಾತ್ರೆಗಳಲ್ಲಿ ಎರಡರ ಕಥೆ ಇಲ್ಲೇ ಇದೆ.

1980ರ ದಶಕದಲ್ಲಿ ಒಂದು ಬಲವಾದ ನಂಬಿಕೆ ಇತ್ತು. ಹಣ್ಣು ತರಕಾರಿ ಜಾಸ್ತಿ ತಿನ್ನುವವರಲ್ಲಿ ಕ್ಯಾನ್ಸರ್ ಕಡಿಮೆ. ಅವುಗಳಲ್ಲಿ ಬೀಟಾ ಕ್ಯಾರೋಟಿನ್ ಇದೆ, ಅಂದರೆ ಕ್ಯಾರೆಟ್ಟಿಗೆ ಬಣ್ಣ ಕೊಡುವ ಅಂಶ. ಅದನ್ನೇ ಮಾತ್ರೆ ಮಾಡಿ ಕೊಟ್ಟರೆ ಕ್ಯಾನ್ಸರ್ ತಡೆಯಬಹುದಲ್ವಾ? ಕೇಳೋಕೆ ಸರಿಯಾಗೇ ಇದೆ. ಫಿನ್ಲೆಂಡಿನಲ್ಲಿ 50ರಿಂದ 69 ವರ್ಷದ, ಸಿಗರೇಟು ಸೇದುವ 29,133 ಗಂಡಸರನ್ನು ಆರಿಸಿಕೊಂಡರು. ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್, ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಎರಡೂ, ಉಳಿದವರಿಗೆ ಒಳಗೆ ಏನೂ ಇಲ್ಲದ ಡಮ್ಮಿ ಮಾತ್ರೆ. ಐದರಿಂದ ಎಂಟು ವರ್ಷ ಕಾದರು. 1994ರಲ್ಲಿ ಫಲಿತಾಂಶ ಬಂತು. ಬೀಟಾ ಕ್ಯಾರೋಟಿನ್ ತಗೊಂಡವರಲ್ಲಿ 474 ಜನರಿಗೆ ಶ್ವಾಸಕೋಶದ ಕ್ಯಾನ್ಸರ್. ತಗೊಳ್ಳದವರಲ್ಲಿ 402. ಅಂದರೆ ಶೇ. 18ರಷ್ಟು ಜಾಸ್ತಿ! ಮಾಡಿದವರಿಗೇ ನಂಬೋಕಾಗಲಿಲ್ಲ. ಅಷ್ಟರಲ್ಲಿ ಅಮೆರಿಕದಲ್ಲಿ ಸಿಗರೇಟು ಸೇದುವವರು, ಬಿಟ್ಟವರು, ಕಲ್ನಾರಿನ ಕೆಲಸ ಮಾಡಿದವರು ಎಲ್ಲ ಸೇರಿ 18,314 ಜನರ ಮೇಲೆ ಇಂಥದೇ ಇನ್ನೊಂದು ಪ್ರಯೋಗ ನಡೆಯುತ್ತಿತ್ತು. ಅಲ್ಲಿ ಬೀಟಾ ಕ್ಯಾರೋಟಿನ್ ಜೊತೆ ವಿಟಮಿನ್ ಎ ಕೂಡ ಕೊಡುತ್ತಿದ್ದರು. ಶ್ವಾಸಕೋಶದ ಕ್ಯಾನ್ಸರ್ ಶೇ. 28, ಒಟ್ಟು ಸಾವು ಶೇ. 17 ಜಾಸ್ತಿ ಕಂಡವು. 1996ರ ಜನವರಿಯಲ್ಲಿ, ಮುಗಿಯಲು ಇನ್ನೂ 21 ತಿಂಗಳಿರುವಾಗಲೇ ಮಾತ್ರೆ ನಿಲ್ಲಿಸಿಬಿಟ್ಟರು.

ಆಮೇಲೆ ವಿಟಮಿನ್ ಇ ಸರದಿ. 35,533 ಗಂಡಸರು. ಪ್ರಾಸ್ಟೇಟ್ ಕ್ಯಾನ್ಸರನ್ನು ವಿಟಮಿನ್ ಇ ಮತ್ತು ಸೆಲೆನಿಯಂ ಅನ್ನೋ ಖನಿಜ ತಡೆಯುತ್ತವೆಯೇ ಅನ್ನೋದು ಪ್ರಶ್ನೆ. ಉಪಯೋಗ ಕಾಣದೆ 2008ರಲ್ಲಿ ಮಾತ್ರೆ ನಿಲ್ಲಿಸಿದರು. ಜನರ ಮೇಲೆ ಕಣ್ಣಿಡುವುದನ್ನು ಮಾತ್ರ ಬಿಡಲಿಲ್ಲ. 2011ರ ಲೆಕ್ಕದಲ್ಲಿ, ವಿಟಮಿನ್ ಇ ಮಾತ್ರ ತಗೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17 ಜಾಸ್ತಿ ಇತ್ತು. ಅವರಿಗೆ ಕೊಟ್ಟ ಡೋಸು ದಿನಕ್ಕೆ 400 ಯೂನಿಟ್. ನಿಮ್ಮ ಹಸಿರು ಕ್ಯಾಪ್ಸೂಲಿನ ಹಿಂದೆ 'ಟೋಕೋಫೆರಿಲ್ ಅಸಿಟೇಟ್ 400 ಮಿಲಿಗ್ರಾಂ' ಅಂತ ಇರುತ್ತದೆ. ಕೃತಕವಾಗಿ ಮಾಡಿದ ವಿಟಮಿನ್ ಇ ಆದರೆ ಒಂದು ಮಿಲಿಗ್ರಾಂ ಅಂದರೆ ಒಂದು ಯೂನಿಟ್. ಹಾಗಾಗಿ ಡೋಸು ಅದೇ.

ಇನ್ನೊಂದು ಆಸ್ಟ್ರೇಲಿಯಾದ್ದು, 2010ರದು. 70 ದಾಟಿದ 2,256 ಹೆಂಗಸರಿಗೆ ವರ್ಷಕ್ಕೊಮ್ಮೆ ಒಟ್ಟಿಗೇ ಐದು ಲಕ್ಷ ಯೂನಿಟ್ ವಿಟಮಿನ್ ಡಿ ಅಥವಾ ಡಮ್ಮಿ ಕೊಟ್ಟರು. ಮೂಳೆ ಮುರಿಯೋದು ತಪ್ಪಲಿ ಅಂತ ಕೊಟ್ಟಿದ್ದು. ಬೀಳೋದು ಶೇ. 15, ಮೂಳೆ ಮುರಿತ ಶೇ. 26 ಜಾಸ್ತಿ ಆಯಿತು.

ಈ ನಾಲ್ಕಕ್ಕೂ ಮುಖ್ಯವಾಗಿ ದುಡ್ಡು ಬಂದಿದ್ದು ಸರ್ಕಾರಗಳಿಂದ. ಮೊದಲ ಮೂರಕ್ಕೆ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ. ಫಿನ್ಲೆಂಡಿನ ಪ್ರಯೋಗದಲ್ಲಿ ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯೂ ಜೊತೆಗಿತ್ತು. ನಾಲ್ಕನೆಯದಕ್ಕೆ ಆಸ್ಟ್ರೇಲಿಯಾ ಸರ್ಕಾರ. ಪಿತೂರಿಯ ಮಾತು ಇಲ್ಲಿ ನಿಲ್ಲೋದಿಲ್ಲ. ಇನ್ನೊಂದನ್ನೂ ಗಮನಿಸಿ. ಇವನ್ನು ಮಾಡಿದವರು ವಿಟಮಿನ್ ವಿರೋಧಿಗಳಲ್ಲ. ವಿಟಮಿನ್ ಕೆಲಸ ಮಾಡುತ್ತೆ ಅಂತ ಆಸೆ ಇಟ್ಟುಕೊಂಡೇ ಶುರು ಮಾಡಿದವರು.

ಈಗ ನಿಮ್ಮ ಮಗಳ ಮಾತು. ಅವರು ಹೇಳಿದ್ದರಲ್ಲಿ ಹುರುಳಿದೆ, ಆದರೆ ಅವರು ಅಂದುಕೊಂಡ ರೀತಿಯಲ್ಲಲ್ಲ. ಕಂಪನಿ ದುಡ್ಡು ಕೊಟ್ಟರೆ ವಿಜ್ಞಾನಿ ಅಂಕಿ ತಿದ್ದುತ್ತಾನೆ ಅಂತ ಜನ ಅಂದುಕೊಳ್ಳುತ್ತಾರೆ. ಅಂಥ ಮೋಸ ಇಲ್ಲವೇ ಇಲ್ಲ ಅನ್ನಲಾರೆ. ಆದರೆ ನಾನು ಪ್ರಯೋಗಗಳಿಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯಲ್ಲಿ ಕೂತು ಕಂಡಿದ್ದು ಬೇರೆ. ದುಡ್ಡಿನ ಕೈವಾಡ ಇರೋದು ಉತ್ತರದಲ್ಲಲ್ಲ, ಪ್ರಶ್ನೆಯಲ್ಲಿ. ಪ್ರಶ್ನೆಪತ್ರಿಕೆ ತೆಗೆಯುವವನ ಕೈಯಲ್ಲಿ ಎಷ್ಟು ಬಲ ಇರುತ್ತೆ ಅಂತ ನಿಮಗೆ ಹೇಳಿಕೊಡಬೇಕೇ ಮೇಷ್ಟ್ರೇ? ಹುಡುಗ ಒಂದಕ್ಷರವನ್ನೂ ಕಾಪಿ ಹೊಡೆಯದೆ ನೂರಕ್ಕೆ ನೂರು ತೆಗೆಯುವ ಹಾಗೆ ಪೇಪರ್ ತೆಗೆಯಬಹುದು.

ಒಂದು ಮಾದರಿ ಹೇಳುತ್ತೇನೆ. ಪಿಜಿ ಓದುವ ಹುಡುಗನಿಗೆ ಥೀಸಿಸ್ ಬೇಕು. ಮೆಡಿಕಲ್ ರೆಪ್ ಬರುತ್ತಾನೆ. 'ಸರ್, ಮಾತ್ರೆ ನಾವು ಫ್ರೀ ಕೊಡ್ತೀವಿ, ರಕ್ತಪರೀಕ್ಷೆ ಕಿಟ್ಟೂ ನಮ್ಮದೇ.' ಅರವತ್ತು ಜನ, ಹನ್ನೆರಡು ವಾರ. ಮಾತ್ರೆ ನುಂಗಿದವರ ರಕ್ತದಲ್ಲಿ ವಿಟಮಿನ್ ಏರಿತೇ? ಏರದೆ ಎಲ್ಲಿ ಹೋಗುತ್ತೆ! ತೊಂದರೆ ಏನಾದರೂ ಆಯಿತೇ? ಇಲ್ಲ. ಕೊನೆಗೆ ಬರೆಯುವುದು: 'ಪರಿಣಾಮಕಾರಿ ಮತ್ತು ಸುರಕ್ಷಿತ.' ಒಂದಕ್ಷರ ಸುಳ್ಳಿಲ್ಲ. ಹುಡುಗ ಪ್ರಾಮಾಣಿಕ, ಅವನ ಗೈಡೂ ಪ್ರಾಮಾಣಿಕ. ಆದರೆ ಆ 'ಸುರಕ್ಷಿತ' ಅನ್ನೋ ಪದಕ್ಕೆ ತೂಕ ಎಷ್ಟು? ಇದಕ್ಕೊಂದು ಸುಲಭದ ಲೆಕ್ಕ ಇದೆ. ಇಷ್ಟು ಜನರಲ್ಲಿ ಒಬ್ಬರಿಗೂ ತೊಂದರೆ ಕಾಣಲಿಲ್ಲ ಅಂದರೆ, ಮೂರನ್ನು ಆ ಸಂಖ್ಯೆಯಿಂದ ಭಾಗಿಸಿ. ಅರವತ್ತು ಜನರಾದರೆ 3 ಭಾಗಿಸು 60, ಅಂದರೆ ಶೇ. 5. ಇಪ್ಪತ್ತು ಜನರಲ್ಲಿ ಒಬ್ಬರಿಗೆ ತೊಂದರೆ ಕೊಡುವ ಮಾತ್ರೆ ಕೂಡ ಇಂಥ ಅಧ್ಯಯನದಲ್ಲಿ ಪೂರ್ತಿ ಸಜ್ಜನನ ಹಾಗೆ ಪಾಸಾಗಬಹುದು. ಫಿನ್ಲೆಂಡಿನ 474 ಮತ್ತು 402 ಅನ್ನೋ ವ್ಯತ್ಯಾಸ ಕಣ್ಣಿಗೆ ಬೀಳೋಕೆ 29 ಸಾವಿರ ಜನ, ವರ್ಷಾನುಗಟ್ಟಲೆ ಕಾಯೋ ತಾಳ್ಮೆ ಬೇಕಾಯಿತು. ತನ್ನ ಮಾಲು ಕೆಟ್ಟದ್ದೇನೋ ಅಂತ ತಿಳಿಯೋಕೆ ಅಷ್ಟು ದುಡ್ಡು ಸುರಿಯುವ ವ್ಯಾಪಾರಿಯನ್ನು ನಾನಂತೂ ಕಂಡಿಲ್ಲ. ಅಮೆರಿಕದಲ್ಲಿ 1994ರ ಕಾನೂನಿನ ಪ್ರಕಾರ ಇಂಥ ಪೂರಕಗಳನ್ನು ಮಾರುಕಟ್ಟೆಗೆ ಬಿಡುವ ಮುಂಚೆ ಸುರಕ್ಷತೆಯನ್ನು ಸರ್ಕಾರಕ್ಕೆ ಸಾಬೀತು ಮಾಡಿ ಒಪ್ಪಿಗೆ ಪಡೆಯಬೇಕಾಗಿಲ್ಲ. ಯಾರೂ ಕೇಳದ ಮೇಲೆ ಕಂಪನಿ ತಾನಾಗೇ ಯಾಕೆ ಮಾಡುತ್ತೆ?

ಕೇಳದೆ ಉಳಿಯುವ ಪ್ರಶ್ನೆ ಅಂದರೆ ಹೇಗಿರುತ್ತೆ ಅನ್ನೋದಕ್ಕೆ ನಮ್ಮ ಬೆಂಗಳೂರಿನದೇ ಒಂದು ಒಳ್ಳೆಯ ಉದಾಹರಣೆ ಇದೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಕಡೆ ಬಸುರಿಯರಿಗೆ ದಿನಕ್ಕೆ 1,500ರಿಂದ 2,000 ಮಿಲಿಗ್ರಾಂ ಕ್ಯಾಲ್ಸಿಯಂ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿಪಿ ಏರಿ ತಾಯಿ ಮಗುವಿನ ಜೀವಕ್ಕೆ ಕುತ್ತು ತರುವ ಪ್ರಿಎಕ್ಲಾಂಪ್ಸಿಯಾ ತಡೆಯೋಕೆ. ಅಂದರೆ ದಿನಕ್ಕೆ ಮೂರು ದಪ್ಪ ಮಾತ್ರೆ. ವಾಕರಿಕೆ ಇರುವ ಹೆಣ್ಣುಮಕ್ಕಳು ನುಂಗೋದು ಕಷ್ಟ, ಸರ್ಕಾರಕ್ಕೆ ಖರ್ಚೂ ಜಾಸ್ತಿ. 500 ಸಾಕಾಗಬಹುದೇ? ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಬೆಂಗಳೂರಿನಲ್ಲಿ 11,000 ಬಸುರಿಯರನ್ನು ಸೇರಿಸಿಕೊಂಡು ನೋಡಿದರು. ತಾಂಜಾನಿಯಾದಲ್ಲಿ ಇನ್ನೊಂದು 11,000. 2024ರ ಜನವರಿಯಲ್ಲಿ ಫಲಿತಾಂಶ ಪ್ರಕಟವಾಯಿತು. ಬೆಂಗಳೂರಿನಲ್ಲಿ 500 ತಗೊಂಡವರಲ್ಲಿ ಶೇ. 3.0 ಜನರಿಗೆ ಪ್ರಿಎಕ್ಲಾಂಪ್ಸಿಯಾ, 1,500 ತಗೊಂಡವರಲ್ಲಿ ಶೇ. 3.6. ಕಡಿಮೆ ಡೋಸಿನಿಂದ ನಷ್ಟವೇನೂ ಆಗಲಿಲ್ಲ. ಇದಕ್ಕೆ ದುಡ್ಡು ಕೊಟ್ಟಿದ್ದು ಗೇಟ್ಸ್ ಫೌಂಡೇಶನ್. ಮೂರು ಮಾತ್ರೆ ಬೇಡ, ಒಂದು ಸಾಕು ಅಂತ ತೋರಿಸುವ ಪ್ರಯೋಗಕ್ಕೆ ಮಾತ್ರೆ ಮಾರುವವನು ಚೆಕ್ ಬರೆಯುತ್ತಾನೆಯೇ?

ಸರ್ಕಾರದ ಪ್ರಯೋಗಗಳಲ್ಲೂ ಕಂಪನಿಯ ನೆರಳು ಇಲ್ಲದಿಲ್ಲ. ಅಮೆರಿಕದಲ್ಲಿ ವೈಟಲ್ ಅನ್ನೋ ಅಧ್ಯಯನ ನಡೆಯಿತು. 25,871 ಜನರಿಗೆ ದಿನಕ್ಕೆ 2,000 ಯೂನಿಟ್ ವಿಟಮಿನ್ ಡಿ, ಮೀನೆಣ್ಣೆ, ಇಲ್ಲವೇ ಡಮ್ಮಿ. ಹಣ ಸರ್ಕಾರದ್ದು. ಆದರೆ ವಿಟಮಿನ್ ಡಿ ಮಾತ್ರೆಗಳನ್ನು ಫಾರ್ಮವೈಟ್ ಅನ್ನೋ ಕಂಪನಿ ದಾನ ಕೊಟ್ಟಿತ್ತು. 2018ರಲ್ಲಿ ಬಂದ ಫಲಿತಾಂಶ: ಕ್ಯಾನ್ಸರೂ ಕಡಿಮೆ ಆಗಲಿಲ್ಲ, ಹೃದಯಾಘಾತ ಪಾರ್ಶ್ವವಾಯು ಇಂಥವೂ ಕಡಿಮೆ ಆಗಲಿಲ್ಲ. ಕಂಪನಿಗೆ ಬೇಡವಾದ ಉತ್ತರವೇ ಬಂತು. ಜಾತ್ರೆಗೆ ಅಕ್ಕಿ ಮೂಟೆ ಕೊಟ್ಟವನು ಬೇರೆ, ತೇರು ಯಾವ ಬೀದಿಗೆ ಹೋಗಬೇಕು ಅಂತ ಹೇಳುವವನು ಬೇರೆ ಅಂತ ನಾನು ಪಾಠದಲ್ಲಿ ಹೇಳುತ್ತಿದ್ದೆ.

ಆ ಮಾತಿಗೇ ಒಂದು ಪೆಟ್ಟು ಬಿತ್ತು, ಅದನ್ನೂ ಹೇಳಬೇಕು. 2013ರಲ್ಲಿ ಕೊರಿಯಾದ ಸಂಶೋಧಕರು ಹೃದಯರೋಗ ಮತ್ತು ವಿಟಮಿನ್ ಬಗ್ಗೆ ನಡೆದ 50 ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದರು, ಸುಮಾರು 2.94 ಲಕ್ಷ ಜನ. ಒಟ್ಟಾರೆ ಲಾಭ ಕಾಣಲಿಲ್ಲ. ವಿಟಮಿನ್ ಇ ಮತ್ತು ಬಿ6ರಿಂದ ಅಲ್ಲೊಂದು ಇಲ್ಲೊಂದು ಚೂರು ಲಾಭ ಕಂಡಿತು. ಆದರೆ ಅದು ಕಂಡಿದ್ದು ಔಷಧಿ ಕಂಪನಿಗಳು ಮಾತ್ರೆ ಒದಗಿಸಿದ ಪ್ರಯೋಗಗಳಲ್ಲಿ ಮಾತ್ರ! ಅಕ್ಕಿ ಕೊಟ್ಟವನಿಗೂ ಒಂದು ಮಾತು ಇರುತ್ತದೇನೋ. ಅಂದಿನಿಂದ ನಾನು ಮಾತ್ರೆ ಕೊಟ್ಟವರ ಹೆಸರನ್ನೂ ಓದುತ್ತೇನೆ.

ಇದು ವಿಟಮಿನ್ನಿಗಷ್ಟೇ ಅಂಟಿದ ರೋಗವಲ್ಲ. ತಂಪು ಪಾನೀಯ, ಜ್ಯೂಸ್, ಹಾಲಿನ ಬಗ್ಗೆ ಬಂದ 206 ಲೇಖನಗಳನ್ನು 2007ರಲ್ಲಿ ಅಮೆರಿಕದ ಒಂದು ತಂಡ ಜಾಲಾಡಿತು. ಜನರಿಗೆ ಕುಡಿಸಿ ನೋಡಿದ ಪ್ರಯೋಗಗಳಲ್ಲಿ, ಉದ್ಯಮದ ದುಡ್ಡು ಇಲ್ಲದಿದ್ದ ಕಡೆ ಶೇ. 37 ಅಧ್ಯಯನಗಳು ಮಾಲಿಗೆ ವಿರುದ್ಧವಾದ ತೀರ್ಮಾನ ಕೊಟ್ಟಿದ್ದವು. ಪೂರ್ತಿ ಉದ್ಯಮದ ದುಡ್ಡಿನಲ್ಲಿ ನಡೆದ ಕಡೆ ಸೊನ್ನೆ.

ನಿಮ್ಮ ವಿಟಮಿನ್ ಡಿಗೆ ಬರೋಣ. ಇಲ್ಲಿ ಜಗಳ ಮಾತ್ರೆಯದ್ದಲ್ಲ, ಗೆರೆಯದ್ದು. ರಕ್ತದಲ್ಲಿ ಎಷ್ಟಿದ್ದರೆ ಸಾಕು? ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2010ರ ಕೊನೆಯಲ್ಲಿ, ಒಂದು ಮಿಲಿಲೀಟರಿಗೆ 20 ನ್ಯಾನೋಗ್ರಾಂ ಇದ್ದರೆ ಹೆಚ್ಚುಕಡಿಮೆ ಎಲ್ಲರಿಗೂ ಸಾಕು ಅಂದಿತು. ಮರುವರ್ಷವೇ ಹಾರ್ಮೋನ್ ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿಯ ಮಾರ್ಗಸೂಚಿ 30 ಬೇಕು ಅಂದಿತು. ಗೆರೆಯನ್ನು ಹತ್ತು ಅಂಕ ಮೇಲೆತ್ತಿದರೆ, ಒಬ್ಬರಿಗೂ ಹೊಸದಾಗಿ ಕಾಯಿಲೆ ಬರದೆಯೇ ಕೋಟ್ಯಂತರ ಜನ ರಾತ್ರೋರಾತ್ರಿ 'ಕೊರತೆ'ಯವರಾಗುತ್ತಾರೆ. ಪರೀಕ್ಷೆ, ಮಾತ್ರೆ, ಮತ್ತೆ ಪರೀಕ್ಷೆ. ಆ 30ರ ಮಾರ್ಗಸೂಚಿ ಬರೆದ ಸಮಿತಿಯ ಮುಖ್ಯಸ್ಥರು ಬಾಸ್ಟನ್ನಿನ ಮೈಕೆಲ್ ಹೋಲಿಕ್, ವಿಟಮಿನ್ ಡಿ ವಿಷಯದಲ್ಲಿ ದೊಡ್ಡ ಹೆಸರು. ಔಷಧಿ ಕಂಪನಿಗಳಿಂದಲೂ ರಕ್ತಪರೀಕ್ಷೆ ಕಂಪನಿಯಿಂದಲೂ ಅವರಿಗೆ ಹಣ ಸಂದಿತ್ತು ಅಂತ 2018ರಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ಅದು ತಮ್ಮ ಅಭಿಪ್ರಾಯದ ಮೇಲೆ ಪರಿಣಾಮ ಬೀರಿಲ್ಲ ಅನ್ನೋದು ಅವರ ಮಾತು. ಇರಬಹುದು. ಮನಸ್ಸನ್ನು ಅಳೆಯುವ ಪರೀಕ್ಷೆ ನನ್ನ ಹತ್ತಿರ ಇಲ್ಲ. 2024ರಲ್ಲಿ ಅದೇ ಸೊಸೈಟಿ ಹೊಸ ಮಾರ್ಗಸೂಚಿ ತಂದು, 30ರ ಗೆರೆಯನ್ನು ಕೈಬಿಟ್ಟಿತು. ಆದರೆ ನಮ್ಮೂರ ಬಹಳಷ್ಟು ಲ್ಯಾಬ್ ರಿಪೋರ್ಟುಗಳಲ್ಲಿ ಆ 30 ಇನ್ನೂ ಆರಾಮಾಗಿ ಕೂತಿದೆ. ನಿಮ್ಮದನ್ನು ತೆಗೆದು ನೋಡಿ.

ಕಂಪನಿ ದುಡ್ಡು ಮಾತ್ರ ಕೆಟ್ಟದ್ದು, ಉಳಿದದ್ದೆಲ್ಲ ಗಂಗಾಜಲ ಅಂತಲೂ ಅಂದುಕೊಳ್ಳಬೇಡಿ. ಉತ್ತರ ಪ್ರದೇಶದಲ್ಲಿ ಸುಮಾರು ಹತ್ತು ಲಕ್ಷ ಮಕ್ಕಳ ಮೇಲೆ ಡೆವ್ಟಾ ಅನ್ನೋ ದೊಡ್ಡ ಪ್ರಯೋಗ ನಡೆಯಿತು. ಆರು ತಿಂಗಳಿಗೊಮ್ಮೆ ವಿಟಮಿನ್ ಎ ಕೊಟ್ಟರೆ ಮಕ್ಕಳ ಸಾವು ಎಷ್ಟು ತಗ್ಗುತ್ತೆ ಅಂತ. ಹಳೆಯ ಅಧ್ಯಯನಗಳು ಸುಮಾರು ಕಾಲು ಭಾಗ ತಗ್ಗುತ್ತೆ ಅಂದಿದ್ದವು. ಇಲ್ಲಿ ಕಂಡಿದ್ದು ಶೇ. 4, ಅದೂ ಖಚಿತವಿಲ್ಲ. ಪ್ರಯೋಗ ಮುಗಿದಿದ್ದು 2004ರಲ್ಲಿ, ಪ್ರಕಟವಾಗಿದ್ದು 2013ರಲ್ಲಿ! ವಿಟಮಿನ್ ಎ ದಾನ ಕೊಟ್ಟಿದ್ದು ರೋಶ್, ಆದರೆ ಇದರಲ್ಲಿ ಲಾಭಕೋರರ ದುಡ್ಡೇನೂ ಇರಲಿಲ್ಲ. ಜಗತ್ತಿನ ತುಂಬ ನಂಬಿಕೊಂಡು ನಡೆಸುತ್ತಿದ್ದ ಕಾರ್ಯಕ್ರಮದ ಬಗ್ಗೆ ಬೇಡದ ಸುದ್ದಿ ಅಷ್ಟೇ. ಒಂಬತ್ತು ವರ್ಷ ಅನ್ನೋದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ಪತ್ತೆ ಮಾಡೋದು ಹೇಗೆ ಅಂತ ಕೇಳಿದ್ದೀರಿ. ಪ್ರಬಂಧದ ಮೊದಲ ಪುಟ ಬಿಟ್ಟು ಕೊನೆಗೆ ಹೋಗಿ. ಅಲ್ಲಿ 'ಫಂಡಿಂಗ್', 'ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್' ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅಲ್ಲಿ ನಾನು ಹುಡುಕುವ ಒಂದು ವಾಕ್ಯ ಇದೆ: ದುಡ್ಡು ಕೊಟ್ಟವರಿಗೆ ಯೋಜನೆ, ಲೆಕ್ಕ, ಬರವಣಿಗೆ ಯಾವುದರಲ್ಲೂ ಪಾತ್ರ ಇರಲಿಲ್ಲ ಅಂತ. ಅದಿಲ್ಲದೆ, ಲೇಖಕರ ಪಟ್ಟಿಯಲ್ಲಿ ಕಂಪನಿ ನೌಕರರೇ ಇದ್ದರೆ ಹುಷಾರು. ನಮ್ಮ ದೇಶದ ಪ್ರಯೋಗ ಆದರೆ ಇನ್ನೂ ಸುಲಭ. 2007ರಲ್ಲಿ ಶುರುವಾದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ, ಸಿಟಿಆರ್‌ಐ ಅಂತಾರೆ, ಎಲ್ಲರಿಗೂ ತೆರೆದಿದೆ. 2009ರಿಂದ ನೋಂದಣಿ ಕಡ್ಡಾಯ. ಪ್ರತಿ ಪ್ರಯೋಗಕ್ಕೂ ಹಣ ಅಥವಾ ಸಾಮಗ್ರಿ ಎಲ್ಲಿಂದ ಬಂತು ಅನ್ನೋದಕ್ಕೇ ಒಂದು ಕಾಲಂ ಇದೆ. ಅಲ್ಲೇ, ಏನನ್ನು ಅಳೆಯುತ್ತೇವೆ ಅಂತ ಮೊದಲೇ ಬರೆದಿರುತ್ತಾರೆ. ಮೂಳೆ ಮುರಿತ ಅಳೆಯುತ್ತೇವೆ ಅಂತ ಹೊರಟವರು ಕೊನೆಗೆ ರಕ್ತದ ಅಂಶವನ್ನಷ್ಟೇ ಹೊಗಳಿದ್ದರೆ ಗೊತ್ತಾಗಿಬಿಡುತ್ತೆ. ಮಗಳಿಗೆ ಹೇಳಿ, ಅರ್ಧ ಗಂಟೆಯ ಕೆಲಸ.

ಇನ್ನು ನಿಮ್ಮ ಮೂರು ಮಾತ್ರೆ. ನಿಮ್ಮನ್ನು ನೋಡದೆ ಔಷಧಿ ಬದಲಿಸೋದು ಸರಿಯಲ್ಲ, ಆದರೂ ಇಷ್ಟು ಹೇಳಬಹುದು. ಹಸಿರು ಕ್ಯಾಪ್ಸೂಲನ್ನು ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ. ಮುಂದುವರಿಸೋಕೆ ನನಗೆ ಕಾರಣ ಕಾಣೋದಿಲ್ಲ. ಆಂಟಿಆಕ್ಸಿಡೆಂಟ್ ಮಾತ್ರೆಯ ಪಟ್ಟಿಯಲ್ಲಿ ಬೀಟಾ ಕ್ಯಾರೋಟಿನ್ ಇದೆಯೇ ನೋಡಿ. ಬಹಳಷ್ಟರಲ್ಲಿ ಇರುತ್ತೆ. ಕ್ಯಾನ್ಸರ್, ಹೃದಯರೋಗ ತಡೆಯೋಕೆ ಅಂತ ಬೀಟಾ ಕ್ಯಾರೋಟಿನ್, ವಿಟಮಿನ್ ಇ ಎರಡನ್ನೂ ತಗೊಳ್ಳಬೇಡಿ ಅಂತ ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ ಅನ್ನೋ ತಜ್ಞರ ಸಮಿತಿ 2022ರಲ್ಲಿ ಹೇಳಿದೆ. ಸಿಗರೇಟಿನ ಹಳೆಯ ಲೆಕ್ಕ ಇರುವ ನಿಮಗೆ ಅದು ಸುಮ್ನೆ ಯಾಕೆ? ಕ್ಯಾರೆಟ್ ತಿನ್ನಿ, ಅದಕ್ಕೆ ಭಯ ಬೇಡ.

ವಿಟಮಿನ್ ಡಿ ಸ್ವಲ್ಪ ಬೇರೆ. ಕೊರತೆ ನಿಜವಾಗಿ ಇದ್ದರೆ ವಾರಕ್ಕೊಂದು 60,000ವನ್ನು ಇಷ್ಟು ವಾರ ಅಂತ ಲೆಕ್ಕ ಹಾಕಿ ಬರೆಯುತ್ತಾರೆ, ಸಾಮಾನ್ಯವಾಗಿ ಎಂಟು ವಾರ. ನಮ್ಮವರು ಮಾಡುವ ತಪ್ಪು ಏನೆಂದರೆ ಆ ಚೀಟಿಯನ್ನೇ ತೋರಿಸಿ ವರ್ಷಗಟ್ಟಲೆ ತರಿಸೋದು. ವಾರಕ್ಕೆ 60,000 ಅಂದರೆ ದಿನಕ್ಕೆ ಸುಮಾರು 8,570 ಯೂನಿಟ್. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2020ರಲ್ಲಿ ಹೇಳಿದ ದಿನದ ಅಗತ್ಯ 600, ದಾಟಬಾರದ ಮಿತಿ 4,000. ಆಸ್ಟ್ರೇಲಿಯಾದಲ್ಲಿ ಸರ್ಕಾರದ ದುಡ್ಡಿನಲ್ಲೇ 21,315 ಜನರಿಗೆ ಐದು ವರ್ಷ ಇದೇ 60,000 ಅಥವಾ ಡಮ್ಮಿ ಕೊಟ್ಟು ನೋಡಿದರು. ಆದರೆ ತಿಂಗಳಿಗೊಂದು, ವಾರಕ್ಕಲ್ಲ. ಸಾವೇನೂ ಕಡಿಮೆ ಆಗಲಿಲ್ಲ. ನಿಮಗೆ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ವಾಂತಿ ಬಂದ ಹಾಗಾಗೋದು ಇದ್ದರೆ ತಡಮಾಡದೆ ರಕ್ತದ ಕ್ಯಾಲ್ಸಿಯಂ ಮತ್ತು ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಮೀನಖಂಡ ಹಿಡಿಯೋದಕ್ಕೆ ಬೇರೆ ಕಾರಣ ಇರಬಹುದು. ಬಿಪಿ ಮಾತ್ರೆ ತಗೊಳ್ತಿದ್ದರೆ ಅದನ್ನೂ ಹೇಳಿ.

ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಸ್ಟ್ರಿಪ್ಪುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಮೇಜಿನ ಮೇಲೆ ಸುರಿಯಿರಿ. ನಿಮಗೆ ಯಾವ ಕಂಪನಿ ದುಡ್ಡು ಕೊಟ್ಟಿದೆ ಅಂತ ಕೇಳಿದರೆ ಮುಖ ಗಂಟಿಕ್ಕಿಕೊಳ್ಳುತ್ತಾರೆ. 'ಇದು ಯಾತಕ್ಕೆ, ಯಾವ ತಾರೀಕಿಗೆ ನಿಲ್ಲಿಸಬೇಕು' ಅಂತ ಒಂದೊಂದನ್ನೇ ಎತ್ತಿ ಕೇಳಿ. ತಾರೀಕನ್ನು ಚೀಟಿಯ ಮೇಲೇ ಬರೆಸಿಕೊಳ್ಳಿ.